ಹಗ್ಗ ಕಟ್ಟಿದ ಜಾಗದ ಲೆಕ್ಕ

ಹೊನ್ನಾವರದಲ್ಲಿ ನನ್ನ ಭಾವ ಶರಾವತಿ ಹಿನ್ನೀರಿನ ಕಾಂಡ್ಲಾ ಗಿಡಗಳ ನಡುವೆ ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಿಸುತ್ತಾರೆ. ಕಳೆದ ದೀಪಾವಳಿಗೆ ಹೋದಾಗ, ದೋಣಿಯನ್ನು ದಂಡೆಯ ತೆಂಗಿನ ಮರಕ್ಕೆ ಕಟ್ಟುತ್ತಿದ್ದರು. ಇಲ್ಲಿ ಕಟ್ಟೋಕೆ ಯಾರದ್ದಾದ್ರೂ ಪರ್ಮಿಶನ್ ಬೇಕಾ ಎಂದು ಕೇಳಿದೆ. "ಮರ ನಮ್ದು, ಹಗ್ಗ ನಮ್ದು, ಹೊಳೆ ದೇವರದ್ದು. ಮತ್ಯಾರನ್ನ ಕೇಳೂದು ಮಾರಾಯಾ?" ಎಂದರು.

ಲೈಸೆನ್ಸ್ ಇದೆ, ಮುಂಭಾಗದಲ್ಲಿ ನಂಬರೂ ಇದೆ. ಲೈಫ್ ಜಾಕೆಟ್‌ಗಳು ಮಾತ್ರ ಸೀಟಿನಡಿ ಒಂದಕ್ಕೊಂದು ಗಂಟು ಬಿದ್ದುಕೊಂಡಿದ್ದವು. ಒಂದನ್ನು ಬಿಡಿಸಲು ನನಗೆ ಎರಡು ನಿಮಿಷ ಹಿಡಿಯಿತು. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯಿಂದ ಕಾರವಾರಕ್ಕೆ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತಿದ್ದು ಭಾವನಿಗೆ ಗೊತ್ತಿಲ್ಲದ್ದೇನಲ್ಲ.

ನಾನಿರುವುದು ಪಣಜಿ ಪಕ್ಕದ ರಾಯಬಂದರಿನಲ್ಲಿ, ಹದಿನಾರು ವರ್ಷದಿಂದ. ಇಲ್ಲಿ ದೋಣಿಗೆ ಕಾಗದ ಇದ್ದರೆ ಸಾಲದು, ಅದು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೂ ಬಂದರು, ದೋಣಿಗಳನ್ನು ನೋಡಿಕೊಳ್ಳುವ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯ ಒಪ್ಪಿಗೆ ಬೇಕು. ಮೊದಮೊದಲು ಇದೆಂಥ ಕಿರಿಕಿರಿ ಅನಿಸಿತ್ತು. ಚೋಡಣ ದ್ವೀಪಕ್ಕೆ ಹೋಗುವ ಫೆರಿಯ ಕಟಕಟೆಗೆ ಒರಗಿ ನಿಂತು ನೋಡುತ್ತಾ ನೋಡುತ್ತಾ ಅರ್ಥವಾಯಿತು. ಲಂಗರು ಹಾಕಿದ ಹಡಗು ಸುಮ್ಮನೆ ನಿಲ್ಲುವುದಿಲ್ಲ. ಉಬ್ಬರಕ್ಕೆ ಒಂದು ಕಡೆ, ಇಳಿತಕ್ಕೆ ಇನ್ನೊಂದು ಕಡೆ ಮೂತಿ ತಿರುಗಿಸುತ್ತದೆ. ಅದು ತಿರುಗುವಷ್ಟು ಅಗಲದ ನೀರು ಆಮೇಲೆ ಬಲೆಯವನಿಗೂ ಇಲ್ಲ, ಫೆರಿಗೂ ಇಲ್ಲ. ಭಾವನ ದೋಣಿಗೆ ಹತ್ತಡಿ ಸಾಕು. ಪಣಜಿಯ ಎದುರು ಮಾಂಡವಿ ನದಿಯಲ್ಲಿ ನಿಂತಿರುವ ಆರು ಕ್ಯಾಸಿನೋ ಹಡಗುಗಳಿಗೆ?

ನನ್ನ ತಕರಾರು ಇಲ್ಲೇ ಇರುವುದು. ಅವನ್ನು ಮಾಂಡವಿಯಿಂದ ಹೊರಗೆ ಕಳಿಸುತ್ತೇವೆ ಅನ್ನುತ್ತಲೇ ಸರ್ಕಾರಗಳು ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿವೆ. 2017ರ ಜುಲೈನಲ್ಲಿ, ಮಳೆಗಾಲದ ನಡುವೆ, ನದಿಗೆ ತರುತ್ತಿದ್ದ ಲಕ್ಕಿ ಸೆವೆನ್ ಎಂಬ ಕ್ಯಾಸಿನೋ ಹಡಗು ಮಿರಾಮಾರ್ ಕಡಲತೀರದ ಮರಳಲ್ಲಿ ಕೂತಿತ್ತು. ನಮ್ಮ ಓಣಿಯ ಮೀನುಗಾರನೊಬ್ಬ ದೋಣಿಯನ್ನು ಜೆಟ್ಟಿಯ ತಪ್ಪು ಬದಿಗೆ ಕಟ್ಟಿದ್ದಕ್ಕೆ ಮಾತ್ರ ಒಂದಿಡೀ ಬೆಳಿಗ್ಗೆ ಕಚೇರಿಯ ಮೆಟ್ಟಿಲಲ್ಲಿ ಕಳೆದ. ಅಷ್ಟರಲ್ಲಿ ಬುಟ್ಟಿಯ ಮೀನು ಹಳಸಿತ್ತು.

ಈ ಮಾಂಡವಿಯೇ ಕರ್ನಾಟಕದ ಖಾನಾಪುರದ ಕಾಡಿನಲ್ಲಿ ಹುಟ್ಟಿದ ಮಹದಾಯಿ. ನೀರು ಯಾರದು ಎಂದು ನಮ್ಮೆರಡು ರಾಜ್ಯಗಳು ನ್ಯಾಯಮಂಡಳಿಯ ಮುಂದೆ ವರ್ಷಗಟ್ಟಲೆ ಜಗಳವಾಡಿದವು. ನೀರಿನ ಮೇಲೆ ನಿಂತದ್ದು ಯಾರದು ಎಂದು ಅಷ್ಟು ಜೋರಾಗಿ ಕೇಳಿದ್ದು ನಾನು ಕಾಣೆ.

1917ರ ಹಳೆಯ ಕಾಯ್ದೆಯ ಬದಲು 2021ರಲ್ಲಿ ಹೊಸ ಒಳನಾಡು ಹಡಗು ಕಾಯ್ದೆ ಬಂತು. ಒಂದು ರಾಜ್ಯದಲ್ಲಿ ನೋಂದಾಯಿಸಿದ ಹಡಗು ಈಗ ದೇಶವಿಡೀ ಸಲ್ಲುತ್ತದೆ. ಆದರೆ ಲಂಗರು ಹಾಕಿ ಕೂತವರನ್ನು ಎಬ್ಬಿಸುವ ಛಾತಿಯನ್ನು ಕಾಯ್ದೆಯ ಪುಸ್ತಕದಲ್ಲಿ ಅಚ್ಚು ಹಾಕಿ ಕೊಡಲಾಗುವುದಿಲ್ಲ.

ಹಾಗಿದ್ದೂ ಕೇಳಿದರೆ ನನಗೆ ಗೋವೆಯ ರೀತಿಯೇ ಇಷ್ಟ. ಇಲ್ಲಿ ಪ್ರಶ್ನೆಯಾದರೂ ಇದೆ, ಉತ್ತರ ಆಳು ನೋಡಿ ಬದಲಾಗುತ್ತದೆ ಅಷ್ಟೆ. ನಮ್ಮೂರ ಧಕ್ಕೆಯಲ್ಲಿ ಕೇಳುವವರೇ ಇಲ್ಲ. ರಾಯಬಂದರಿನ ಫೆರಿ ಭರ್ತಿಯಾದರೆ ಖಲಾಸಿ ಕೈ ಅಡ್ಡ ಹಿಡಿಯುತ್ತಾನೆ, ಎಷ್ಟು ಹಾರ್ನ್ ಹೊಡೆದರೂ ಕದಲುವುದಿಲ್ಲ. ಆ ಒಂದು ಕೈ ಶರಾವತಿಯ ದಂಡೆಗೂ ಬೇಕು.

ಇದನ್ನೆಲ್ಲ ಭಾವನಿಗೆ ಫೋನಿನಲ್ಲಿ ಹೇಳಿದೆ. ಜಾಕೆಟ್‌ಗಳ ಗಂಟು ಬಿಚ್ಚಿ ಸೀಟಿನ ಮೇಲೆ ಇಡುತ್ತಿದ್ದಾರಂತೆ. ತೆಂಗಿನ ಮರದ ವಿಷಯ ಎತ್ತಿದರೆ ಮಾತ್ರ ಫೋನನ್ನು ಅಕ್ಕನ ಕೈಗೆ ಕೊಟ್ಟುಬಿಡುತ್ತಾರೆ.