11 ನಿಮಿಷದ ಎಮ್ಮೆ, 3 ನಿಮಿಷದ ಥ್ಯಾಂಕ್ಸ್

ನಮ್ಮ ಅಕ್ಕನ ಮಗ ಒಂದು ಕಿರುಚಿತ್ರ ಮಾಡಿದ. 11 ನಿಮಿಷ. ಒಬ್ಬ ಅಜ್ಜ, ಕಳೆದುಹೋದ ಒಂದು ಎಮ್ಮೆ, ಇಷ್ಟೇ ಕಥೆ. ಶೂಟಿಂಗಿಗೆ ಮೂರು ದಿನ ಹಿಡಿಯಿತು. ಅದನ್ನು ಒಬ್ಬ ಸ್ಟಾರ್ ಕೈಯಲ್ಲಿ ಶೇರ್ ಮಾಡಿಸಲು ನಾಲ್ಕು ತಿಂಗಳು.

"ಸುಮ್ನೆ ಯೂಟ್ಯೂಬಿಗೆ ಹಾಕಬಾರದೇನೋ?" ಅಂದೆ.

"ಸುಮ್ನೆ ಹಾಕಿದರೆ ಯಾರು ನೋಡ್ತಾರೆ ಮಾವ?"

ಅದೂ ನಿಜವೇ. ಹಾಗಾಗಿ ಮೊದಲು ಟೈಟಲ್ ಪೋಸ್ಟರ್, ಆಮೇಲೆ ಮೋಷನ್ ಪೋಸ್ಟರ್, ಆಮೇಲೆ ಟೀಸರ್, ಆಮೇಲೆ ಟ್ರೇಲರ್. ಒಂದೊಂದರ ಬಿಡುಗಡೆಗೂ ಒಬ್ಬೊಬ್ಬ ಗಣ್ಯರು, ಶಾಲು, ಹಾರ. ಟ್ರೇಲರಿನಲ್ಲೇ ಎಮ್ಮೆ ಸಿಕ್ಕಿಬಿಟ್ಟಿತು.

ಕೊನೆಗೆ ಸ್ಟಾರ್ ಕೂಡ ಸಿಕ್ಕರು. ಕ್ಯಾರವಾನ್ ಮೆಟ್ಟಿಲ ಮೇಲೆ ನಿಂತು 20 ಸೆಕೆಂಡ್ ಮಾತಾಡಿದರು: "ತುಂಬಾ ಚೆನ್ನಾಗಿ ಬಂದಿದೆ. ಅದರಲ್ಲೂ ಹಾಡುಗಳು ಸೂಪರ್. ಹೊಸಬರನ್ನು ಬೆಳೆಸಿ."

ಚಿತ್ರದಲ್ಲಿ ಹಾಡೇ ಇರಲಿಲ್ಲ. ಹುಡುಗ ಎರಡು ದಿನ ಯೋಚಿಸಿದ. ಮೂರನೇ ದಿನ ಒಂದು ಹಾಡು ಸೇರಿಸಿದ. ಎಮ್ಮೆಯ ಮೇಲೆ.

ಸ್ಟಾರ್ ಇನ್‌ಸ್ಟಾಗ್ರಾಮಿನಲ್ಲಿ ಸ್ಟೋರಿ ಹಾಕಿದರು. ಸ್ಟೋರಿಯ ಆಯಸ್ಸು 24 ಗಂಟೆ, ಅಷ್ಟರಲ್ಲೇ ವ್ಯೂಸ್ ಸುರಿಯಿತು. "ಅಣ್ಣ ಹೇಳಿದ ಮೇಲೆ ಬೆಂಕಿ", "ಅಣ್ಣನ ಫ್ಯಾನ್ಸ್ ಲೈಕ್ ಒತ್ತಿ" ಅಂತ ಕಾಮೆಂಟುಗಳು. ಎಮ್ಮೆ ಬಗ್ಗೆ ಒಂದೂ ಇಲ್ಲ. ಜನ ಎಲ್ಲಿವರೆಗೆ ನೋಡಿದರು ಅಂತ ಯೂಟ್ಯೂಬ್ ಒಂದು ಗ್ರಾಫ್ ಕೊಡುತ್ತದೆ. ಶುರುವಿನ 3 ನಿಮಿಷ ಬರೀ ಥ್ಯಾಂಕ್ಸ್ ಕಾರ್ಡುಗಳು. ಸ್ಟಾರ್ ಫೋಟೊ ಇರುವಷ್ಟು ಹೊತ್ತು ಗೆರೆ ಅಲ್ಲಾಡದೆ ನಿಂತಿತ್ತು. ಅಜ್ಜ ಕಾಣಿಸಿದ್ದೇ ತಡ, ಬಾವಿಗೆ ಬಿತ್ತು.

ನಮ್ಮ ಮನೆಯವರೇನು ಕಡಿಮೆಯಲ್ಲ. ಸುಳ್ಳುಸುದ್ದಿ ತಡೆಯಲು ವಾಟ್ಸ್ಆ್ಯಪ್ 2018ರಲ್ಲಿ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಚಾಟಿಗೆ ಫಾರ್ವರ್ಡ್ ಅಂತ ಮಿತಿ ಹಾಕಿತು. ನಮ್ಮವರು ಐದೈದಾಗಿ ಊರಿಗೆಲ್ಲ ಹಂಚಿದರು. ಮನೆಯ ಗ್ರೂಪಿಗೆ ಲಿಂಕ್ ಬಂದ 40 ಸೆಕೆಂಡಿಗೆ ಚಿಕ್ಕಪ್ಪ "ಅದ್ಭುತ ಕ್ಲೈಮ್ಯಾಕ್ಸ್" ಅಂತ ಬರೆದರು. ನಾನೂ ಚಪ್ಪಾಳೆ ಇಮೋಜಿ ಒತ್ತಿದೆ. ನೋಡಿದ್ದು ಆಮೇಲೆ, ಬಿಡಿ.

ಇದೇ ಗ್ರೂಪಿನಲ್ಲಿ 2024ರ ಮೇ ತಿಂಗಳಲ್ಲಿ "ಹೆಮ್ಮೆಯ ಕನ್ನಡಿಗ" ಅಂತ ಹಬ್ಬ ನಡೆದಿತ್ತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿದ್ದಾಗ ಚಿದಾನಂದ ನಾಯ್ಕ್ ಮಾಡಿದ 16 ನಿಮಿಷದ ಕನ್ನಡ ಚಿತ್ರಕ್ಕೆ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಬಂದಿತ್ತು. ಅಜ್ಜಿ ಹುಂಜ ಕದಿಯುತ್ತಾಳೆ, ಊರಿಗೆ ಬೆಳಕೇ ಹರಿಯುವುದಿಲ್ಲ, ಅದು ಕಥೆ. ಗ್ರೂಪಿನಲ್ಲಿ ಒಬ್ಬರೂ ನೋಡಿರಲಿಲ್ಲ. ಹುಂಜ ಫ್ರಾನ್ಸಿನಲ್ಲಿ ಕೂಗಿತು, ಆಮೇಲೆ ನಮಗೆ ಬೆಳಗಾಯಿತು.

ಅಕ್ಕನ ಮಗನ ಚಿತ್ರವನ್ನು ಕೊನೆವರೆಗೂ ನೋಡಿದ್ದು, ನಮಗೆ ಗೊತ್ತಿರುವಂತೆ, ಎಮ್ಮೆಯ ಯಜಮಾನರು ಒಬ್ಬರೇ. ಮರುದಿನವೇ ಫೋನ್ ಮಾಡಿದರು.

"ಊರವರಿಗೆಲ್ಲ ಥ್ಯಾಂಕ್ಸ್ ಹಾಕಿದ್ದೀರಿ. ನಮ್ಮ ಗೌರಿ ಹೆಸರೆಲ್ಲಿ ಸ್ವಾಮಿ?"