ಬಾಟಲಿ ಒಳಗೇನಿದೆ ಅಂತ ಬರೆಯೋಕೆ ಇವರಿಗೇನು ಕಷ್ಟ?

ಹಳೇ ಗ್ರಾಮಫೋನ್ ತಟ್ಟೆ ತೊಳೆಯುವ ದ್ರಾವಣ ಮಾರುವವರೇ, ಒಂದು ಮಾತು ಹೇಳಿ. "ಎಲ್ಲಾ ರೆಕಾರ್ಡ್‌ಗಳಿಗೂ ಸುರಕ್ಷಿತ" ಅಂತ ಬಾಟಲಿ ಮೇಲೆ ದಪ್ಪಕ್ಷರದಲ್ಲಿ ಹಾಕುತ್ತೀರಲ್ಲ, ಈ ಎಲ್ಲಾ ಅಂದರೆ ಯಾವ್ಯಾವುದು ಸ್ವಾಮಿ?

ಮೊನ್ನೆ ಒಂದು ಬಾಟಲಿ ತರಿಸಿದೆ. ಬೆಲೆ ನೋಡಿದರೆ ಅತ್ತರು ಇರಬೇಕು ಅನ್ನಿಸುತ್ತದೆ. ಮುಚ್ಚಳ ತೆಗೆದ ತಕ್ಷಣ ಗಪ್ಪಂತ ಸ್ಪಿರಿಟ್ ವಾಸನೆ. ತಿರುಗಿಸಿ ಮುರುಗಿಸಿ ನೋಡಿದೆ, ಆಲ್ಕೋಹಾಲ್ ಇದೆ ಅಂತ ಎಲ್ಲೂ ಬರೆದಿಲ್ಲ. ಬರೆದು ಕೇಳಿದರೆ "ಅದು ನಮ್ಮ ವಿಶೇಷ ಸೂತ್ರ, ಹೇಳುವ ಹಾಗಿಲ್ಲ" ಅಂತ ಉತ್ತರ. ಹೋಗಲಿ, 78ರ ತಟ್ಟೆಗೆ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ತಟ್ಟೆಗೆ, ಹಾಕಬಹುದಾ ಅಂದೆ. "ಧಾರಾಳವಾಗಿ ಹಾಕಿ ಸರ್, ಏನೂ ಆಗಲ್ಲ."

ಏನೂ ಆಗಲ್ವಂತೆ! ಹಳೇ 78ರ ತಟ್ಟೆಗಳಲ್ಲಿ ಬಹುಪಾಲು ಅರಗಿನವು. ಅರಗು ಮತ್ತು ಕಲ್ಲಿನ ಪುಡಿ ಕಲಸಿ ಒತ್ತಿದ್ದು. ಮರಕ್ಕೆ ಪಾಲಿಶ್ ಹಚ್ಚುವ ಯಾವ ಬಡಗಿಯನ್ನಾದರೂ ಕೇಳಿ, ಅರಗನ್ನು ಕರಗಿಸೋದೇ ಸ್ಪಿರಿಟ್‌ನಲ್ಲಿ. ಅಂದರೆ ಇವರು ಹೇಳಿದ ಹಾಗೆ ಸುರಿದು ಉಜ್ಜಿದರೆ ಕೊಳೆಯ ಜೊತೆ ಹಾಡೂ ಬಟ್ಟೆಗೆ ಬರುತ್ತದೆ. 1948ರಲ್ಲಿ ಬಂದ, ಹೆಚ್ಚು ಹೊತ್ತು ಓಡುವ ಎಲ್‌ಪಿ ತಟ್ಟೆ ವಿನೈಲ್ ಅನ್ನುವ ಪ್ಲಾಸ್ಟಿಕ್ಕಿನದು, ಅದು ನೀರು ಬೆರೆಸಿದ ಆಲ್ಕೋಹಾಲನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಅದಕ್ಕೆ ಹಾಕಿ ಅಂದಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಅಲ್ಯೂಮಿನಿಯಂ ಮೇಲೆ ಲ್ಯಾಕರ್ ಅನ್ನುವ ಮೆರುಗು ಬಳಿದ ತಟ್ಟೆಗಳಿಗೆ ಮತ್ತೆ ಸ್ಪಿರಿಟ್ ಆಗದು. ಎಡಿಸನ್ನನ ದಪ್ಪ ಡೈಮಂಡ್ ಡಿಸ್ಕ್‌ಗಳದು ಉಲ್ಟಾ ಕಥೆ, ಒಳಗಿರುವುದು ಮರದ ಹುಡಿ, ಅದಕ್ಕೆ ನೀರೇ ಶತ್ರು, ಕುಡಿದು ಊದಿಕೊಳ್ಳುತ್ತದೆ. ಇಷ್ಟು ಜಾತಿ ಇರುವಾಗ ಎಲ್ಲದಕ್ಕೂ ಒಂದೇ ಬಾಟಲಿಯಂತೆ.

ಅಷ್ಟಕ್ಕೂ ಒಳಗಿರುವುದು ಅಂಥ ದೇವರ ತೀರ್ಥವೇನಲ್ಲ. ಡಿಸ್ಟಿಲ್ಡ್ ವಾಟರ್, ನೀರು ಗೆರೆಯೊಳಗೆ ಇಳಿಯಲಿ ಅಂತ ಕೆಲವು ಹನಿ ಸೋಪಿನಂಥ ಸರ್ಫ್ಯಾಕ್ಟಂಟ್, ಬೇಕಾದರೆ ಒಂದಿಷ್ಟು ಆಲ್ಕೋಹಾಲ್. ಫಿಲ್ಮ್ ತೊಳೆಯುವವರು ನೀರಿನ ಕಲೆ ಉಳಿಯದಿರಲಿ ಅಂತ ಕೊನೆಗೆ ಹಾಕುವುದೂ ಇದೇ ಕುಲದ್ದು. ಆದರೆ ತೊಳೆದ ಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಂದು ಸಲ ಜಾಲಾಡಿಸದಿದ್ದರೆ ಆ ಸೋಪಿನಂಥದ್ದು ಗೆರೆಯಲ್ಲೇ ಒಣಗಿ ಕೂರುತ್ತದೆ. ಇದನ್ನು ಯಾವ ಬಾಟಲಿಯೂ ಹೇಳುವುದಿಲ್ಲ. "ಜಾಲಾಡಿಸಬೇಕಿಲ್ಲ" ಅಂತಲೇ ಕೆಲವರು ಜಂಬ ಕೊಚ್ಚುತ್ತಾರೆ.

ಇನ್ನು ತಟ್ಟೆ ತೊಳೆಯುವ ಮೆಷಿನ್ ಪುರಾಣ. ವ್ಯಾಕ್ಯೂಮ್‌ನದು ಕೆಲಸ ಮಾಡುತ್ತದೆ, ಇಲ್ಲ ಅನ್ನಲ್ಲ. ಕೊಳೆ ನೀರನ್ನು ಒಣಗುವ ಮೊದಲೇ ಎಳೆದುಕೊಳ್ಳುವುದೇ ಅದರ ದೊಡ್ಡ ಗುಣ. ಆದರೆ ಹೀರುವ ಕೊಳವೆಯ ಸೀಳು 12 ಇಂಚಿನ ತಟ್ಟೆಯ ಅಳತೆಗೆ. 78ರ ತಟ್ಟೆಗಳು ಜಾಸ್ತಿ ಇರುವುದು 10 ಇಂಚಿನವು. ಇಟ್ಟರೆ ಸೀಳಿನ ತುದಿ ಹೊರಗೆ ಉಳಿದು ಸುಮ್ನೆ ಗಾಳಿ ಎಳೆಯುತ್ತದೆ, ನೀರು ಅಲ್ಲೇ ನಿಂತಿರುತ್ತದೆ. 10 ಇಂಚಿನ ಕೊಳವೆ ಬೇಕಾದರೆ? ಬೇರೆ ದುಡ್ಡು. ಸೀಳಿನ ಅಂಚಿನ ವೆಲ್ವೆಟ್ ಸವೆದರೆ? ಅದಕ್ಕೂ ಬೇರೆ ದುಡ್ಡು, ಅದೂ ಸಿಕ್ಕರೆ. ಸದ್ದಿನ ವಿಷಯ ಬಿಡಿ, ಕಿವಿಗೆ ಹತ್ತಿ ಇಟ್ಟುಕೊಂಡು ಹಾಡಿನ ತಟ್ಟೆ ತೊಳೆಯುವ ಯೋಗ ನಮ್ಮದು.

ಕಿವಿಗೆ ಕೇಳದ ಸದ್ದಿನ ಅಲೆಯಿಂದ ನೀರು ನಡುಗಿಸಿ ತೊಳೆಯುವ ಅಲ್ಟ್ರಾಸಾನಿಕ್ ಮೆಷಿನ್ ತಗೊಳ್ಳಿ ಅನ್ನುವವರು ಬೇರೆ. ಒಡವೆ ತೊಳೆಯುವ ತೊಟ್ಟಿಗೆ ತಟ್ಟೆ ತಿರುಗಿಸೋಕೆ ಒಂದು ಕಂಬಿ, ಒಂದು ಮೋಟರ್ ಸಿಕ್ಕಿಸಿ ಮೂರು ಪಟ್ಟು ಬೆಲೆ ಹಾಕಿದ್ದನ್ನು ತೋರಿಸುತ್ತಾರೆ. ಓಡುತ್ತಾ ಓಡುತ್ತಾ ನೀರು ಬಿಸಿಯಾಗುತ್ತದೆ, ಜಾಸ್ತಿ ಬಿಸಿಯಾದರೆ ವಿನೈಲ್ ಸೊಟ್ಟಗಾಗುತ್ತದೆ, ಇದನ್ನು ಹೇಳುವವರಿಲ್ಲ. ಮೇಲಿಂದ "ಆಲ್ಕೋಹಾಲ್ ಜಾಸ್ತಿ ಹಾಕಿ, ಬೇಗ ಒಣಗುತ್ತೆ" ಅಂತ ಸಲಹೆ. ಬಿಸಿ ತೊಟ್ಟಿ, ಕರೆಂಟು, ಸ್ಪಿರಿಟ್ ಆವಿ, ಮೂರನ್ನೂ ಒಂದೇ ಕಡೆ ಸೇರಿಸಿ ಅಂತ ಹೇಳುವವರಿಗೆ ಮನೆಗೆ ಬೆಂಕಿ ಬಿದ್ದರೆ ಏನು ಹೋಗುತ್ತದೆ, ಅಲ್ವಾ?

ನಾನು ಕೇಳುತ್ತಿರುವುದು ಎರಡೇ ಸಾಲು. ಒಳಗೇನಿದೆ, ಯಾವ ತಟ್ಟೆಗೆ ಹಾಕಬಾರದು. ಅಷ್ಟು ಜಾಗ ಆ ಲೇಬಲ್‌ನಲ್ಲಿ ಇದೆ, ಆ ಹೊಳೆಯುವ ನಕ್ಷತ್ರದ ಚಿತ್ರ ಸ್ವಲ್ಪ ಚಿಕ್ಕದು ಮಾಡಿದರೆ ಸಾಕು.

ಬಾಟಲಿ ವಾಪಸ್ ಕೊಡುತ್ತೇನೆ ಅಂದರೆ, ಮುಚ್ಚಳ ತೆಗೆದದ್ದನ್ನು ತಗೊಳ್ಳಲ್ಲವಂತೆ. ಒಳಗೇನಿದೆ ಅಂತ ಹೇಳದ ಮೇಲೆ, ಮುಚ್ಚಳ ತೆಗೆಯದೆ ತಿಳಿಯುವುದು ಹೇಗೆ ಅಂತ ಮತ್ತೆ ಬರೆದಿದ್ದೇನೆ. ಇನ್ನೂ ಉತ್ತರ ಇಲ್ಲ.