ಗಂಟಲು ಉಳಿದರೆ ಸಾಲದು, ಮುದ್ದೆಯೂ ಇಳಿಯಬೇಕು

ನಮ್ಮ ಸೋದರಮಾವ ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಯಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ಹರಾಜು ಕೂಗಿದವರು. ದನಿ ಒಡೆದಾಗ ಕೂಗಿ ಕೂಗಿ ಗಂಟಲು ಕಟ್ಟಿದೆ ಎಂದೇ ಮನೆಯವರೆಲ್ಲ ನಂಬಿದ್ದೆವು. ಬೀಡಿಯ ಮಾತನ್ನು ಯಾರೂ ಎತ್ತಲಿಲ್ಲ. ನಾಲ್ಕು ತಿಂಗಳು ಕಳೆದ ಮೇಲೆ ಬೆಂಗಳೂರಿನಲ್ಲಿ ತಿಳಿದದ್ದು ಧ್ವನಿಪೆಟ್ಟಿಗೆಯ ಕ್ಯಾನ್ಸರ್, ಮೂರನೆಯ ಹಂತ. ಪೆಟ್ಟಿಗೆಯನ್ನೇ ತೆಗೆದರೆ ಕತ್ತಿನ ರಂಧ್ರದಿಂದಲೇ ಉಸಿರಾಡಬೇಕಾಗುತ್ತದೆ ಎಂದು ವೈದ್ಯರು ವಿವರಿಸಿದಾಗ, "ಹಂಗಾದ್ರೆ ಹರಾಜು ಯಾರ್ ಕೂಗ್ತಾರೆ ಸಾರ್?" ಎಂದಷ್ಟೇ ಕೇಳಿದರು.

ಪೆಟ್ಟಿಗೆಯನ್ನು ತೆಗೆಯದೆಯೂ ಚಿಕಿತ್ಸೆ ಮಾಡಬಹುದು ಎಂಬ ಉತ್ತರ ಆ ಪ್ರಶ್ನೆಗೆ 1991ರಿಂದಲೂ ಇದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 332 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಮೊದಲು ಕಿಮೋ ಕೊಟ್ಟು ಆಮೇಲೆ ರೇಡಿಯೇಷನ್ ಕೊಟ್ಟವರೂ ಶಸ್ತ್ರಚಿಕಿತ್ಸೆ ಆದವರೂ ಎರಡು ವರ್ಷಗಳ ಕೊನೆಗೆ ಸಮಾನವಾಗಿ ಶೇ. 68ರಷ್ಟು ಬದುಕಿದ್ದರು, ಮೊದಲ ಗುಂಪಿನ ಶೇ. 64 ಮಂದಿಯ ಧ್ವನಿಪೆಟ್ಟಿಗೆ ಉಳಿದಿತ್ತು. 2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕಿಮೋ, ರೇಡಿಯೇಷನ್ ಎರಡನ್ನೂ ಒಟ್ಟಿಗೇ ಕೊಟ್ಟಾಗ, ಎರಡು ವರ್ಷಕ್ಕೆ ಶೇ. 88 ಮಂದಿಯ ಪೆಟ್ಟಿಗೆ ಉಳಿಯಿತು. ಸಿಸ್‌ಪ್ಲಾಟಿನ್ ಎಂಬ ಕಿಮೋ ಔಷಧವು ರೇಡಿಯೇಷನ್ನಿನ ಏಟು ಗಡ್ಡೆಗೆ ಇನ್ನೂ ಆಳವಾಗಿ ನಾಟುವಂತೆ ಮಾಡುತ್ತದೆ. ತೊಂದರೆಯೆಂದರೆ, ಪಕ್ಕದ ಆರೋಗ್ಯವಂತ ಗಂಟಲಿಗೂ ಆ ಏಟು ಜೋರಾಗಿಯೇ ತಗಲುತ್ತದೆ.

ಎಲ್ಲರಿಗೂ ಇದೇ ದಾರಿ ಎಂದು ನಾನು ಹೇಳುತ್ತಿಲ್ಲ. ಗಡ್ಡೆ ಪೆಟ್ಟಿಗೆಯ ಮೃದ್ವಸ್ಥಿಯನ್ನು (ಮೆತ್ತನೆಯ ಎಲುಬನ್ನು) ಕೊರೆದು ಹೊರಬಂದಿದ್ದರೆ, ಅಥವಾ ಕುಡಿದ ನೀರು ಆಗಲೇ ಶ್ವಾಸನಾಳಕ್ಕೆ ಇಳಿಯುತ್ತಿದ್ದರೆ, ಪೆಟ್ಟಿಗೆಯನ್ನು ಉಳಿಸಲೇಬೇಕೆಂಬ ಹಟ ಒಳ್ಳೆಯದಲ್ಲ.

ಮಾವನಿಗೆ ಏಳು ವಾರಗಳಲ್ಲಿ 35 ಬಾರಿ ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟರು, ಮೂರು ವಾರಕ್ಕೊಮ್ಮೆ ಕಿಮೋ. ಮೂರನೆಯ ವಾರಕ್ಕೆ ಬಾಯೆಲ್ಲ ಹುಣ್ಣಾಗಿ, ಉಗುಳು ನುಂಗುವುದೂ ಬೆಂಕಿ ನುಂಗಿದಂತಾಯಿತು. ಮೂಗಿನಿಂದ ನಳಿಕೆ ಹಾಕಿದರು, ರಾಗಿ ಗಂಜಿಯನ್ನು ಸೋಸಿ ಸಿರಿಂಜಿನಲ್ಲಿ ಬಿಡುತ್ತಿದ್ದೆವು. ತೂಕ ಇಳಿಯಲಿಲ್ಲವೆಂದು ನಮಗೆಲ್ಲ ಸಮಾಧಾನ. ನಾವು ತಪ್ಪಿದ್ದು ಇಲ್ಲಿಯೇ. ನಳಿಕೆ ಇದ್ದರೂ ದಿನಕ್ಕೆ ಹತ್ತಾರು ಬಾರಿ ಗುಟುಕು ನೀರನ್ನಾದರೂ ನುಂಗುತ್ತಿರಬೇಕು, ಸುಮ್ಮನೆ ಬಿಟ್ಟ ಸ್ನಾಯುಗಳು ಬಿಗಿದುಕೊಳ್ಳುತ್ತವೆ ಎಂದು ಆ ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ. ನುಂಗುವ ವ್ಯಾಯಾಮ ಕಲಿಸುವ ಸ್ಪೀಚ್ ಥೆರಪಿಸ್ಟರನ್ನು ನಾವೇ ಹುಡುಕಿಕೊಂಡು ಹೋದದ್ದು ಚಿಕಿತ್ಸೆ ಮುಗಿದ ಎರಡು ತಿಂಗಳ ಮೇಲೆ. ಅವರನ್ನು ಕಾಣಬೇಕಾದದ್ದು ಮೊದಲ ಕರೆಂಟಿಗಿಂತ ಮುಂಚೆ. ಹಲ್ಲಿನ ವೈದ್ಯರ ತಪಾಸಣೆಯೂ ಹಾಗೆಯೇ, ಏಕೆಂದರೆ ರೇಡಿಯೇಷನ್ ತಗಲಿದ ದವಡೆಯಿಂದ ಆಮೇಲೆ ಹಲ್ಲು ಕೀಳಿಸುವುದು ಅಪಾಯ.

ಮೇಲಿನ ಶೇ. 88 ಪೆಟ್ಟಿಗೆ ಉಳಿದವರ ಲೆಕ್ಕವೇ ಹೊರತು, ಅದರಿಂದ ಚೆನ್ನಾಗಿ ನುಂಗುವವರ ಲೆಕ್ಕವಲ್ಲ. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವಾಗ "ಗಂಟಲು ಉಳಿಯುತ್ತದೆಯೇ" ಎಂದು ಕೇಳಿ ಸುಮ್ಮನಾಗದೆ, "ಒಂದು ವರ್ಷದ ಮೇಲೆ ಇವರು ಏನು ಊಟ ಮಾಡುತ್ತಾರೆ, ಅದಕ್ಕೆ ಈಗಿನಿಂದ ಏನು ಮಾಡಬೇಕು" ಎಂದೂ ಕೇಳಬೇಕೆಂಬುದು ನನ್ನ ಅಭಿಪ್ರಾಯ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಮಾವನ ಕ್ಯಾನ್ಸರ್ ಈಗ ಇಲ್ಲ, ದನಿ ಗೊಗ್ಗರಾದರೂ ಮರಳಿದೆ, ಮಂಡಿಯಲ್ಲಿ ಕೂತು ಚೀಟಿ ಬರೆಯುತ್ತಾರೆ. ನಿಂಬೆಹಣ್ಣಿನಷ್ಟು ಮುದ್ದೆಯನ್ನು ಸಾರಿನಲ್ಲಿ ಕಲಸಿ ತೆಳ್ಳಗೆ ಮಾಡಿಕೊಂಡು, ಗದ್ದವನ್ನು ಎದೆಗೆ ಒತ್ತಿ, ಒಂದೊಂದೇ ಗುಟುಕು ಇಳಿಸುತ್ತಾರೆ. ತಟ್ಟೆ ಖಾಲಿಯಾಗಲು ಮುಕ್ಕಾಲು ಗಂಟೆ ಬೇಕು.